ನಾಲಾ ಅಂಚಿನ ಕಟ್ಟಡದವರೇ, ಲೆವೆಲ್ ತೆಗೆಯದವರಿಂದ ಮಳೆನೀರಿನ ಕೆಲಸ ಮಾಡಿಸಬೇಡಿ

ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾದ ಆಜೂಬಾಜೂ ಅಂಗಡಿ, ಗೋದಾಮು, ಕಾಂಪ್ಲೆಕ್ಸ್ ಇಟ್ಟುಕೊಂಡಿರುವ ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕು. ‘ಸ್ಟಾರ್ಮ್ ವಾಟರ್ ಸಿಸ್ಟಮ್’, ಅಂದರೆ ಮಳೆನೀರು ಹೊರಹಾಕುವ ವ್ಯವಸ್ಥೆ, ಮಾಡಿಕೊಡುತ್ತೇವೆ, ಇನ್ನು ಮುಂದೆ ನಿಮ್ಮ ಬೇಸ್‌ಮೆಂಟಿಗೆ ಒಂದು ಹನಿ ನೀರು ಬರುವುದಿಲ್ಲ ಎಂದು ಹೇಳಿ ನಮ್ಮಿಂದ ಲಕ್ಷಗಟ್ಟಲೆ ಹಣ ತೆಗೆದುಕೊಂಡ ಗುತ್ತಿಗೆದಾರರೊಬ್ಬರು ಮಾಡಿಟ್ಟು ಹೋದ ಕೆಲಸದಿಂದಲೇ ನಮ್ಮ ಬೇಸ್‌ಮೆಂಟ್ ಮುಳುಗಿತು. ಮತ್ತೊಮ್ಮೆ ಹೇಳುತ್ತೇನೆ, ಅವರ ಕೆಲಸ ಇದ್ದೂ ಮುಳುಗಿದ್ದಲ್ಲ, ಅವರ ಕೆಲಸದಿಂದಲೇ ಮುಳುಗಿದ್ದು.

ನಾಲಾ ಅಂಚಿನಲ್ಲಿ ಇರುವವರಿಗೆ 2019ರ ಆಗಸ್ಟ್ ನೆನಪಿದ್ದೇ ಇರುತ್ತದೆ. ಉಣಕಲ್ ಕೆರೆ ಕೋಡಿ ಹರಿದು, ನಾಲಾ ತುಂಬಿ, ಅಂಚಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಆ ಭಯ ಇದ್ದುದರಿಂದಲೇ ನಾನು ಮತ್ತು ನಮ್ಮ ಅಣ್ಣ, ಇಬ್ಬರೂ ಕೂಡಿ, ಹಣ ಹೋದರೂ ಚಿಂತೆಯಿಲ್ಲ, ಒಮ್ಮೆ ಸರಿಯಾಗಿ ಮಾಡಿಸಿಬಿಡೋಣ ಎಂದು ನಿರ್ಧರಿಸಿದೆವು. ಬೇಸ್‌ಮೆಂಟಿನಲ್ಲಿ ಬಟ್ಟೆ ವ್ಯಾಪಾರಿಗಳೊಬ್ಬರ ಗೋದಾಮು ಇದೆ, ಪಕ್ಕದಲ್ಲಿ ನೋಟ್‌ಬುಕ್ ಮತ್ತು ಕಾಗದದ ಹೋಲ್‌ಸೇಲ್ ಇದೆ. ಎರಡೂ ನೀರು ಮುಟ್ಟಿದರೆ ಕೆಲಸಕ್ಕೆ ಬಾರದ ಮಾಲು.

ಗುತ್ತಿಗೆದಾರರು ಬಂದರು, ಟೇಪು ಹಿಡಿದು ಅಳತೆ ಮಾಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು, ಬಣ್ಣದ ನಕ್ಷೆಗಳಿರುವ ದಪ್ಪ ವರದಿ ತಂದುಕೊಟ್ಟರು. ಜಾಗದ ಎತ್ತರ ತಗ್ಗು ಅಳೆಯುವ ಲೆವೆಲ್ ಯಂತ್ರ ಮಾತ್ರ ಒಮ್ಮೆಯೂ ನಮ್ಮ ಅಂಗಳಕ್ಕೆ ಬರಲಿಲ್ಲ. ನಾಲಾದ ತಳ ಎಷ್ಟು ಆಳದಲ್ಲಿದೆ, ತುಂಬಿದಾಗ ನೀರು ಎಲ್ಲಿಯವರೆಗೆ ಏರುತ್ತದೆ, ನಮ್ಮ ಬೇಸ್‌ಮೆಂಟಿನ ನೆಲ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಆ ವರದಿಯ ಯಾವ ಪುಟದಲ್ಲಿಯೂ ಬರೆದಿರಲಿಲ್ಲ. ಮಣ್ಣಿನ ಬಗ್ಗೆ ಬರೆದಿದ್ದ ಪುಟದಲ್ಲಿ, ಇದು ನೀರು ಬೇಗನೆ ಇಂಗುವ ಜಂಬಿಟ್ಟಿಗೆ ಮಣ್ಣು ಎಂದು ಇತ್ತು. ನಮ್ಮ ಜಾಗದಲ್ಲಿ ಜಂಬಿಟ್ಟಿಗೆ ಎಲ್ಲಿಂದ ಬರಬೇಕು? ಪಾಯ ತೆಗೆದಾಗ ಆಳದವರೆಗೂ ಬಂದದ್ದು ಅಪ್ಪಟ ಎರಿಮಣ್ಣು. ಅದು ಕರಾವಳಿ ಕಡೆಯ ಯಾವುದೋ ಕೆಲಸಕ್ಕೆ ಬರೆದಿದ್ದ ವರದಿ, ಹೆಸರು ಬದಲಿಸಿ ನಮಗೆ ಕೊಟ್ಟದ್ದು ಎಂದೇ ನನ್ನ ಖಚಿತ ಅಭಿಪ್ರಾಯ. ಇದನ್ನು ಅಣ್ಣ ಕೇಳಿದಾಗ ಬಂದ ಉತ್ತರ: “ಅದು ಟೈಪಿಂಗ್ ಮಿಸ್ಟೇಕ್ ಐತ್ರಿ ಅಣ್ಣಾರ, ಕೆಲಸಕ್ಕೇನೂ ಫರಕ್ ಬೀಳಂಗಿಲ್ಲ.”

ಫರಕ್ ಬೀಳದೇ ಇರಲು ಹೇಗೆ ಸಾಧ್ಯ? ಆ ವರದಿಯ ಪ್ರಕಾರವೇ ಅವರು ಕಟ್ಟಡದ ಗೋಡೆಗೆ ಹತ್ತಿಕೊಂಡಂತೆ ಇಂಗುಗುಂಡಿಗಳನ್ನು ತೋಡಿಸಿದರು. ಎರಿಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಕೆಳಗೆ ಬಿಡುವುದೇ ಇಲ್ಲ ಎಂಬುದು ಈ ಭಾಗದ ಪ್ರತಿಯೊಬ್ಬ ರೈತನಿಗೂ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅಂಥ ಮಣ್ಣಿನಲ್ಲಿ ಪಾಯದ ಪಕ್ಕದಲ್ಲೇ ನೀರು ನಿಲ್ಲಿಸಿದರೆ ನೆಲ ಎತ್ತಿಕೊಳ್ಳುತ್ತದೆ. ಮೊದಲ ದೊಡ್ಡ ಮಳೆಗೆ ತುಂಬಿದ ಗುಂಡಿಗಳು ವಾರಗಟ್ಟಲೆ ಹಾಗೆಯೇ ತುಂಬಿ ನಿಂತವು, ಸೊಳ್ಳೆ ಹುಟ್ಟಿದವು, ಆಮೇಲೆ ಆ ಬದಿಯ ಅಂಗಡಿಯ ಫರಸಿಯಲ್ಲಿ ಬಿರುಕು ಕಾಣಿಸಿತು.

ಎರಡನೆಯದು ಛಾವಣಿಯ ನೀರು. ನಮ್ಮ ಛಾವಣಿ ಮತ್ತು ಅಂಗಳ ಕೂಡಿ ಸುಮಾರು 10,000 ಚದರ ಅಡಿ, ಅಂದರೆ 930 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಗರ ಪ್ರವಾಹದ ಬಗ್ಗೆ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಿದ್ದ ಮಳೆಯಲ್ಲಿ ನೂರಕ್ಕೆ 95ರವರೆಗೂ ಹರಿದು ಬರುತ್ತದೆ ಎಂದು ಹಿಡಿದು ಚರಂಡಿಯ ಲೆಕ್ಕ ಹಾಕಬೇಕು ಎಂದಿದೆ. ಗಂಟೆಗೆ 50 ಮಿಲಿಮೀಟರ್ ಮಳೆ ಹೊಡೆದರೆ ನಮ್ಮ ಜಾಗದಲ್ಲಿ ಆ ಒಂದು ಗಂಟೆಗೆ ಸುಮಾರು 44,000 ಲೀಟರ್. ಛಾವಣಿಯ ನೀರನ್ನು ಮೇಲಿನಿಂದ ಮೇಲೆಯೇ ರಸ್ತೆ ಮಟ್ಟದ ಚರಂಡಿಗೆ ಬಿಡಬೇಕಿತ್ತು. ಬೇಸ್‌ಮೆಂಟಿನ ಸಂಪಿಗೆ, ಅಂದರೆ ನೀರು ಕೂಡುವ ಗುಂಡಿಗೆ, ಬರಬೇಕಾದದ್ದು ರ‍್ಯಾಂಪಿನಲ್ಲಿ ಇಳಿಯುವ ನೀರು ಮಾತ್ರ. ಇವರು ಪೈಪು ಉಳಿಸಲು ಎಲ್ಲವನ್ನೂ ತಂದು ಕೆಳಗಿನ ಸಂಪಿಗೇ ಬಿಟ್ಟರು. ಅಲ್ಲಿ ಕೂರಿಸಿದ ಪಂಪು ನಿಮಿಷಕ್ಕೆ 300 ಲೀಟರಿನದು, ಅಂದರೆ ಗಂಟೆಗೆ 18,000 ಲೀಟರ್. ಈ ಲೆಕ್ಕ ಮುಂದಿಟ್ಟು ಕೇಳಿದರೆ, “ಪಂಪ್ ಬರೇ ಬ್ಯಾಕಪ್‌ಗೆ ಐತ್ರಿ, ನೀರು ತಾನಾ ನಾಲಾಕ್ಕ ಹೋಗತೈತಿ” ಎಂದರು.

ಆ ‘ತಾನಾ ಹೋಗತೈತಿ’ ಎಂಬ ಮಾತಿನಲ್ಲೇ ಮೋಸ ಇದ್ದದ್ದು.

ಸಂಪಿನಿಂದ ನಾಲಾಕ್ಕೆ ನೇರವಾಗಿ ಒಂದು ದಪ್ಪ ಪೈಪು ಹಾಕಿದ್ದರು. ಎಪ್ರಿಲ್ ತಿಂಗಳಲ್ಲಿ, ನಾಲಾದ ತಳದಲ್ಲಿ ಗಟಾರದ ಸಣ್ಣ ಹರಿವು ಮಾತ್ರ ಇದ್ದಾಗ, ಟ್ಯಾಂಕರ್ ತರಿಸಿ ನಮ್ಮೆಲ್ಲರ ಎದುರಿಗೆ ಸಂಪಿಗೆ ನೀರು ಸುರಿದು ಟೆಸ್ಟಿಂಗ್ ಮಾಡಿ ತೋರಿಸಿದರು. ನೀರು ಗಳಗಳನೆ ಹೋಯಿತು. ಬಾಡಿಗೆದಾರರೂ ನೋಡಿದರು, ಮೆಚ್ಚಿದರು, ಅದೇ ಸಂಜೆ ಪೂರ್ತಿ ಬಿಲ್ಲು ಕೊಟ್ಟೆವು. ಬರಿದಾದ ನಾಲಾಕ್ಕೆ ನೀರು ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ನಾಲಾ ತುಂಬಿದಾಗ ಏನಾಗುತ್ತದೆ ಎಂಬುದಲ್ಲವೇ ಪರೀಕ್ಷೆ? ಆ ಪೈಪಿನ ಬಾಯಿಗೆ ಒಂದು ಫ್ಲ್ಯಾಪ್ ವಾಲ್ವ್ ಕೂಡ ಇರಲಿಲ್ಲ. ನೀರು ಹೊರಗೆ ಹೋಗಲು ಬಿಟ್ಟು ಒಳಗೆ ಬರದಂತೆ ತಡೆಯುವ ಆ ಮುಚ್ಚಳಕ್ಕೆ, ನಾವು ಕೊಟ್ಟ ಹಣದ ಮುಂದೆ, ಎಷ್ಟರ ಖರ್ಚು!

ಚಿತ್ತಿ ಮಳೆ ಸಂಜೆ ಹೊತ್ತಿಗೆ ಹಿಡಿಯಿತು. ರ‍್ಯಾಂಪಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ರಸ್ತೆಯ ನೀರು ರ‍್ಯಾಂಪಿನ ಉಬ್ಬು ದಾಟಿರಲಿಲ್ಲ, ಧೈರ್ಯವಾಗಿಯೇ ಇದ್ದೆ. ಆಗ ಕೆಳಗಿನಿಂದ ಗೋದಾಮಿನ ಹುಡುಗ ಕೂಗಿದ. ಇಳಿದು ನೋಡಿದರೆ ಸಂಪಿನ ಮೇಲಿನ ಕಬ್ಬಿಣದ ಜಾಲರಿಯಿಂದ ಕರಿ ನೀರು ಉಕ್ಕಿ ಬರುತ್ತಿತ್ತು. ಮಳೆಯ ನೀರಿಗೆ ಆ ಬಣ್ಣ ಇರುವುದಿಲ್ಲ, ಆ ವಾಸನೆ ಇರುವುದಿಲ್ಲ. ಜಾಲರಿಯ ಸಂದಿನಿಂದ ಗುಟಕಾ ಚೀಟಿಗಳು, ಹಾಲಿನ ಪಾಕೀಟಿನ ಚೂರುಗಳು ಒಂದೊಂದಾಗಿ ಹೊರಬಂದು ಫರಸಿಯ ಮೇಲೆ ತೇಲತೊಡಗಿದವು. ನಾಲಾ ನಮ್ಮ ಪೈಪಿನ ಮೂಲಕವೇ ನಮ್ಮ ಗೋದಾಮಿಗೆ ಬಂದಿತ್ತು. ಪಂಪು ಓಡುತ್ತಿತ್ತು, ಆದರೆ ನೀರು ಇಳಿಯುತ್ತಿರಲಿಲ್ಲ. ಯಾಕೆಂದರೆ ಪಂಪಿನ ಪೈಪನ್ನೂ ಅಂಗಳದಲ್ಲಿ ಆ ನಾಲಾ ಪೈಪಿನ ಚೇಂಬರಿಗೇ ಜೋಡಿಸಿದ್ದರು. ಪಂಪು ಮೇಲೆತ್ತಿದ ನೀರು ಅದೇ ಪೈಪಿನಿಂದ ಮತ್ತೆ ಸಂಪಿಗೇ ಬಂದು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಹಳೆಯ ದಿನಗಳಲ್ಲಿ, ಆ ಪೈಪೇ ಇಲ್ಲದಿದ್ದಾಗ, ನಮ್ಮ ಬೇಸ್‌ಮೆಂಟಿಗೆ ನಾಲಾದ ನೀರು ಈ ದಾರಿಯಿಂದ ಎಂದೂ ಬಂದಿರಲಿಲ್ಲ.

ಬಟ್ಟೆ ವ್ಯಾಪಾರಿಗಳು ನನಗಿಂತ ಹಿರಿಯರು, ಒಂದು ಕೆಟ್ಟ ಮಾತು ಆಡಲಿಲ್ಲ. “ತಮ್ಮಾ, ನೀ ಹೇಳಿದಿ ಅಂತ ಹಬ್ಬದ ಮಾಲು ಕೆಳಗ ಇಳಿಸಿದ್ದೆ” ಎಂದಷ್ಟೇ ಅಂದರು. ದೀಪಾವಳಿಗೆ ತರಿಸಿದ್ದ ಗಂಟುಗಳು ಅವು. ಅವರ ಮುಖ ನೋಡಲು ಇಂದಿಗೂ ನನಗೆ ಆಗುತ್ತಿಲ್ಲ.

ಆ ರಾತ್ರಿ ಗುತ್ತಿಗೆದಾರರು ಫೋನ್ ಎತ್ತಲಿಲ್ಲ. ಮರುದಿನ ಎತ್ತಿದರು, “ಇಂಥಾ ಮಳಿ ಬರತೈತಿ ಅಂತ ಯಾರಿಗೆ ಗೊತ್ತಿತ್ತರಿ, ದೇವರ ಕೈಯಾಗಿಂದು” ಎಂದರು. ಮಳೆ ಬರುತ್ತದೆ ಎಂದೇ ಅಲ್ಲವೇ ನಿಮ್ಮನ್ನು ಕರೆಸಿದ್ದು ಎಂದು ಕೇಳಿದೆ. ಆಗ ಮಾತು ತಿರುಗಿಸಿ, “ನಾಲಾದಾಗ ಹೂಳು ತುಂಬೇತಿ, ಅದು ನಮ್ಮ ಜವಾಬ್ದಾರಿ ಅಲ್ಲರಿ” ಎಂದರು. ವಾಲ್ವ್ ಯಾಕೆ ಹಾಕಲಿಲ್ಲ ಎಂದರೆ, “ನೀವು ಕೇಳಿರಲಿಲ್ಲಲ್ಲರೀ, ಕೊಟೇಶನ್‌ದಾಗ ಇಲ್ಲ” ಎಂದರು. ಗಾಯ ತೋರಿಸಿದರೆ ಪಟ್ಟಿ ಕಟ್ಟುವುದು ಪಟ್ಟಿಯಲ್ಲಿ ಇರಲಿಲ್ಲ ಎನ್ನುವ ವೈದ್ಯನಂತಾಯಿತು ಇದು. ಕೊನೆಗೆ ಅವರೇ ಒಂದು ಹೊಸ ಕೊಟೇಶನ್ ಕಳುಹಿಸಿದರು, ವಾಲ್ವಿಗೆ ಮತ್ತು ದೊಡ್ಡ ಪಂಪಿಗೆ! ಅದನ್ನು ಓದಿದಾಗ ಬಂದ ಸಿಟ್ಟು ಗೋದಾಮು ಮುಳುಗಿದಾಗಲೂ ಬಂದಿರಲಿಲ್ಲ.

ನಂತರ ನಾವು ಕರೆಸಿದ ಬೇರೆ ಎಂಜಿನಿಯರ್ ಮೊದಲು ಮಾಡಿದ ಕೆಲಸವೆಂದರೆ ಲೆವೆಲ್ ಯಂತ್ರ ನಿಲ್ಲಿಸಿದ್ದು. ನಾಲಾ ಸೇತುವೆಯ ಗೋಡೆಯ ಮೇಲೆ ಉಳಿದಿದ್ದ ನೀರಿನ ಗುರುತಿಗೆ ಕಡ್ಡಿ ಹಿಡಿಸಿ ನೋಡಿದರು, ಅದು ನಮ್ಮ ಬೇಸ್‌ಮೆಂಟಿನ ನೆಲಕ್ಕಿಂತ ಮೂರು ಅಡಿ ಮೇಲಿತ್ತು. ಒಂದು ಮುಂಜಾನೆಯ ಕೆಲಸ ಅದು. ಈಗ ನಾಲಾದ ಪೈಪು ಪೂರ್ತಿ ಮುಚ್ಚಿಸಿದ್ದೇವೆ, ಛಾವಣಿಯ ನೀರನ್ನು ಮೇಲಿನಿಂದಲೇ ಹೊರಗೆ ಬಿಟ್ಟಿದ್ದೇವೆ, ಪಂಪಿನ ಪೈಪನ್ನು ನೀರಿನ ಗುರುತಿಗಿಂತ ಎತ್ತರಕ್ಕೆ ಒಯ್ದು ನೀರು ವಾಪಸು ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕೂರಿಸಿ, ಪಂಪಿಗೆ ಜನರೇಟರ್ ಸಂಪರ್ಕ ಕೊಟ್ಟಿದ್ದೇವೆ.

ಯಾರೇ ಆಗಲಿ, ನಾಲಾ ತುಂಬಿದಾಗಿನ ನೀರಿನ ಮಟ್ಟ ಮತ್ತು ನಿಮ್ಮ ನೆಲದ ಮಟ್ಟ, ಈ ಎರಡನ್ನೂ ಕಾಗದದ ಮೇಲೆ ಬರೆದು ಸಹಿ ಮಾಡಿಕೊಡದ ಹೊರತು ಅಡ್ವಾನ್ಸ್ ಕೊಡಬೇಡಿ. ಬೇಸಿಗೆಯ ಟ್ಯಾಂಕರ್ ಟೆಸ್ಟಿಂಗ್ ನೋಡಿ ಬಿಲ್ಲು ಚುಕ್ತಾ ಮಾಡಬೇಡಿ, ಒಂದು ಮಳೆಗಾಲ ಮುಗಿಯುವವರೆಗೆ ಒಂದಿಷ್ಟು ಹಣ ಕೈಯಲ್ಲಿ ಹಿಡಿದಿಟ್ಟುಕೊಳ್ಳಿ. ಎರಿಮಣ್ಣಿನಲ್ಲಿ ಪಾಯದ ಪಕ್ಕ ಇಂಗುಗುಂಡಿ ತೋಡುತ್ತೇನೆ ಎಂದವರನ್ನು ಅಲ್ಲಿಂದಲೇ ವಾಪಸು ಕಳುಹಿಸಿ.

ಇದೇ ನಾಲಾದ ಕೆಳಭಾಗದಲ್ಲಿ ಕಟ್ಟುತ್ತಿರುವ ಹೊಸ ಕಾಂಪ್ಲೆಕ್ಸ್ ಒಂದರ ಮುಂದೆ ಕಳೆದ ವಾರ ಅದೇ ಗುತ್ತಿಗೆದಾರರ ಪಂಪು, ಪೈಪುಗಳನ್ನು ಇಳಿಸುತ್ತಿದ್ದುದನ್ನು ಕಂಡೆ. ಅಲ್ಲಿ ಮಾಲೀಕರು ಸಿಗಲಿಲ್ಲ. ನಾಲಾ ಅಂಚಿನಲ್ಲಿ ಈಗ ಇಂಥ ಕೆಲಸ ಮಾಡಿಸುತ್ತಿರುವವರು ನಿಮ್ಮ ಪರಿಚಯದಲ್ಲಿದ್ದರೆ, ಕಾಂಕ್ರೀಟ್ ಹಾಕುವ ಮೊದಲು ಈ ಬರಹವನ್ನು ಅವರಿಗೆ ತೋರಿಸಿ.