ಬೇವು ಲೇಪಿತ ಯೂರಿಯಾ, 45 ಕೆಜಿ ಚೀಲ: ಐದಕ್ಕೆ ಮೂರೂವರೆ

ಶಹಾಪುರದ ಕಡೆ ನಮ್ಮದು ಎರೆ ಹೊಲ. ಹತ್ತಿ ಜಾಸ್ತಿ, ಒಂದಿಷ್ಟು ತೊಗರಿ. ಯೂರಿಯಾಕ್ಕೂ ರಿವ್ಯೂ ಬೇಕಾ ಅಂತ ನಗಬೇಡಿ. ಟ್ರ್ಯಾಕ್ಟರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಮನೆಮನೆಗೂ ಬರುವ ಈ ಚೀಲದ ಬಗ್ಗೆ ಯಾರು ಬರೆದಿದ್ದಾರೆ ಹೇಳಿ.

ದರ 266 ರೂಪಾಯಿ 50 ಪೈಸೆ. ಆಧಾರ್ ಕೊಟ್ಟು ಮಷೀನಿಗೆ ಹೆಬ್ಬೆಟ್ಟು ಒತ್ತಬೇಕು. ನೂರಕ್ಕೆ 46 ಪಾಲು ಸಾರಜನಕ, ಅಂದರೆ ಚೀಲಕ್ಕೆ 20 ಕೆಜಿ ಮೇಲೆ. ಈ ದುಡ್ಡಿಗೆ ಇಷ್ಟು ಬೇರೆಲ್ಲಿ ಸಿಗುತ್ತದೆ? ನಾನು ಹೋದ ಅಂಗಡಿಯವರು ಬೇಡ ಅಂದರೂ ಜೊತೆಗೊಂದು ನ್ಯಾನೋ ಅನ್ನುವ ದ್ರವ ಗೊಬ್ಬರದ ಬಾಟಲಿ ಕಟ್ಟಿದರು. ಅದು ಅಂಗಡಿಯ ಬುದ್ಧಿ, ಗೊಬ್ಬರದ ತಪ್ಪಲ್ಲ.

ಹರಳು ಉದುರಾಗಿತ್ತು, ಗಂಟು ಕಟ್ಟಿರಲಿಲ್ಲ. ಬೇವಿನೆಣ್ಣೆಯ ಲೇಪ 2015ರಿಂದ ಕಡ್ಡಾಯ. ಪ್ಲೈವುಡ್ ಅಂಟಿಗೆ, ಕಲಬೆರಕೆ ಹಾಲಿಗೆ ಯೂರಿಯಾ ಕದ್ದು ಹೋಗಬಾರದು ಅನ್ನುವುದೂ ಅದರ ಒಂದು ಉದ್ದೇಶ. ಮಣ್ಣಿನಲ್ಲಿ ಯೂರಿಯಾದಿಂದ ಹುಟ್ಟುವ ಅಮೋನಿಯಂ ಬೇಗ ನೈಟ್ರೇಟ್ ಆಗದ ಹಾಗೆ ಬೇವು ತಡೆಯುತ್ತದೆ. ಇಲ್ಲಿಯ ತನಕ ಎಲ್ಲ ಚೆನ್ನ.

ತಕರಾರು ಇರುವುದು ಅದಕ್ಕೂ ಮುಂಚೆ ಆಗುವ ಕೆಲಸದಲ್ಲಿ. ಹಸಿ ಮಣ್ಣಿನ ಮೇಲೆ ಬಿದ್ದ ಯೂರಿಯಾವನ್ನು ಮಣ್ಣಿನ ಕಿಣ್ವ ಒಡೆಯುತ್ತದೆ. ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೇವು ಇದನ್ನು ಅಷ್ಟಾಗಿ ತಡೆಯುವುದಿಲ್ಲ. ಎರೆ ಮಣ್ಣಿನಲ್ಲಿ ಸುಣ್ಣ, ಕ್ಷಾರ ಜಾಸ್ತಿ, ಮೇಲೆ ನಮ್ಮ ಬಿಸಿಲು. ಎರಡು ಡಬ್ಬಿಯಲ್ಲಿ ಹಸಿ ಎರೆ ಮಣ್ಣು ತುಂಬಿದೆ. ಒಂದರಲ್ಲಿ ಯೂರಿಯಾ ಮೇಲೇ ಚೆಲ್ಲಿದೆ, ಇನ್ನೊಂದರಲ್ಲಿ ಮೂರು ಬೆರಳು ಆಳಕ್ಕೆ ಹೂತಿಟ್ಟೆ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಮೊದಲನೆಯದು ಮೂಗಿಗೆ ಹೊಡೆಯಿತು. ಅವ್ವ "ಹೊರಗ ಒಯ್ಯಪ್ಪ ಅದನ್ನ" ಅಂದಳು. ಎರಡನೆಯದರಲ್ಲಿ ಘಾಟು ಇತ್ತೋ ಇಲ್ಲವೋ ಅನ್ನುವಷ್ಟು.

ಹೊಲದಿಂದ ಹಾರಿದ್ದು ಸುಮ್ನೆ ಮಾಯವಾಗುವುದಿಲ್ಲ. ಲಾರಿ ಹೊಗೆಯ ನೈಟ್ರೋಜನ್ ಆಕ್ಸೈಡು, ಕಲ್ಲಿದ್ದಲು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡು ಗಾಳಿಯಲ್ಲಿ ಆಮ್ಲವಾಗುತ್ತವೆ. ಅಮೋನಿಯಾ ಅವುಗಳ ಜೊತೆ ಸೇರಿ ಅಮೋನಿಯಂ ನೈಟ್ರೇಟ್, ಸಲ್ಫೇಟ್ ಕಣವಾಗುತ್ತದೆ. ಪಿಎಂ 2.5 ಅನ್ನುತ್ತಾರಲ್ಲ, ಪುಪ್ಪುಸದ ಆಳಕ್ಕೆ ಇಳಿಯುವ ದೂಳು, ಅದರಲ್ಲಿ ಇದೂ ಒಂದು ಪಾಲು. ಗಾಳಿ ಇದನ್ನು ಬಹಳ ದೂರ ಒಯ್ಯುತ್ತದೆ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಕಲಬುರಗಿಯೂ ಇದೆ. ಅಲ್ಲಿನ ಗಾಳಿಯ ಮಾತು ಬಂದರೆ ರಸ್ತೆ, ವಾಹನ, ಫ್ಯಾಕ್ಟರಿ ಅನ್ನುತ್ತೇವೆ. ಹೊಲದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಎರಚಬೇಡಿ. ಸಾಲಿನ ಪಕ್ಕ ಗೀರು ಹೊಡೆದು ಹಾಕಿ, ಮಣ್ಣು ಮುಚ್ಚಿ. ಕೂಲಿ ಜಾಸ್ತಿ ಬೀಳುತ್ತದೆ, ಸುಳ್ಳು ಹೇಳಲ್ಲ. ಕಾಲುವೆ ನೀರಿದ್ದವರು ಹಾಕಿದ ದಿನವೇ ನೀರು ಬಿಡಬಹುದು. ತೊಗರಿಗಂತೂ ಮೇಲುಗೊಬ್ಬರ ಅಂತ ಇದನ್ನು ಸುರಿಯಬೇಡಿ, ಅದರ ಬೇರಿನ ಗಂಟುಗಳೇ ಗಾಳಿಯಿಂದ ಸಾರಜನಕ ಹಿಡಿಯುತ್ತವೆ.

ಒಂದು ಅಂಕ ಕಳೆದದ್ದು ಚೀಲದ ಮೇಲಿನ ಬರಹಕ್ಕೆ. ಬೆಲೆ, ಸಬ್ಸಿಡಿ ಎಲ್ಲ ಎದ್ದು ಕಾಣುತ್ತದೆ, "ಹಾಕಿದ ಮೇಲೆ ಮಣ್ಣು ಮುಚ್ಚಿ" ಅಂತ ದಪ್ಪಕ್ಷರದಲ್ಲಿ ಒಂದು ಸಾಲು ಹಾಕಬಹುದಿತ್ತು, ಅಲ್ವಾ? ಇನ್ನರ್ಧ ಹೊಲಿಗೆಗೆ. ದಾರ ಎಳೆದರೆ ಬಿಚ್ಚಿಕೊಳ್ಳಲಿಲ್ಲ, ಕುಡುಗೋಲಿನಿಂದ ಕೊಯ್ಯಬೇಕಾಯಿತು.