ರಾತ್ರಿ ಯಾರಿರ್ತಾರೆ ಅಂತ ಕೇಳದೆ ನರ್ಸಿಂಗ್ ಹೋಮಿಗೆ ಸೇರಿಸಬೇಡಿ

ನಮ್ಮದು ಗದಗ ಕಡೆಯ ಒಂದು ಹಳ್ಳಿ. ಹೋದ ತಿಂಗಳು ಅವ್ವನಿಗೆ ವಾಂತಿ-ಭೇದಿ ಶುರುವಾಗಿ ತಾಲ್ಲೂಕು ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಹೆಸರು ಹೇಳುವುದಿಲ್ಲ, ಅಂಥವು ಈ ಕಡೆ ಬೇಕಾದಷ್ಟಿವೆ. ಸುಮಾರು ಇಪ್ಪತ್ತು ಹಾಸಿಗೆ. ಹೊರಗೆ ದೊಡ್ಡ ಬೋರ್ಡು, ಅದರಲ್ಲಿ ಕೆಂಪಕ್ಷರದಲ್ಲಿ '24 ಗಂಟೆ ಸೇವೆ'. ಡಾಕ್ಟರು ಒಳ್ಳೆಯವರೇ. ಹಗಲು ಎರಡು ಸಲ ಬಂದು ಸಮಾಧಾನವಾಗಿ ಮಾತಾಡಿಸುತ್ತಿದ್ದರು. ಎರಡು ದಿನ ಸಲೈನ್ ಏರಿಸಿದ ಮೇಲೆ ಅವ್ವ ಎದ್ದು ಕೂತು, ಮನೆಗೆ ಯಾವಾಗ ಅಂತ ಕೇಳೋಕೂ ಶುರು ಮಾಡಿದ್ದಳು.

ಅವ್ವನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಮೂರನೇ ರಾತ್ರಿ ಎಂಟು ಗಂಟೆಗೆ ಎಂದಿನಂತೆ ಇನ್ಸುಲಿನ್ ಕೊಟ್ಟರು. ಅವ್ವ ಉಂಡಿದ್ದು ಎರಡು ಚಮಚ ಗಂಜಿ ಮಾತ್ರ. ಉಣ್ಣದೆ ಇನ್ಸುಲಿನ್ ತಗೊಂಡರೆ ರಕ್ತದಲ್ಲಿನ ಸಕ್ಕರೆ ತೀರಾ ಇಳಿದುಬಿಡಬಹುದು. ಆದರೂ 'ಊಟ ಮಾಡಿದ್ರೇನು' ಅಂತ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ, ಅದೂ ನಿಜ.

ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಅವ್ವನ ನೈಟಿ ಬೆವರಿಗೆ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ನನ್ನನ್ನೇ ನೋಡುತ್ತಾ, ತೀರಿಕೊಂಡು ವರ್ಷಗಳಾದ ನಮ್ಮ ಅತ್ತಿಯ ಹೆಸರು ಹಿಡಿದು ಕರೆಯುತ್ತಿದ್ದಳು. ಸಿಸ್ಟರ್, ಸಿಸ್ಟರ್ ಅಂತ ಕೂಗಿಕೊಂಡು ಓಡಿದೆ. ಆ ಇಡೀ ಕಟ್ಟಡದಲ್ಲಿ ಇದ್ದದ್ದು ಇಬ್ಬರು. ಕೆಳಗೆ ಔಷಧ ಅಂಗಡಿಯ ಹುಡುಗ, ಬೆಂಚಿನ ಮೇಲೆ ಮಲಗಿದ್ದ. ಮೇಲೆ ಒಬ್ಬ ಹುಡುಗಿ, ಇಪ್ಪತ್ತು ವರ್ಷ ಇದ್ದೀತು.

'ಗ್ಯಾಸ್ ಆಗಿರಬೇಕ್ರೀ ಅಕ್ಕಾರ, ಒಂದು ಇಂಜೆಕ್ಷನ್ ಮಾಡ್ತೀನಿ' ಅಂದಳು.

'ಮೊದಲ ಶುಗರ್ ನೋಡವಾ' ಅಂದೆ.

'ಮಷಿನ್ ಡಾಕ್ಟರ್ ರೂಮಿನ್ಯಾಗ ಐತ್ರೀ. ಕೀಲಿ ಹಾಕ್ಯಾರ.'

ಡಾಕ್ಟರಿಗೆ ಅವಳೂ ಫೋನ್ ಮಾಡಿದಳು, ನಾನೂ ಮಾಡಿದೆ. ಎತ್ತಲಿಲ್ಲ. ಅವ್ವ ಇನ್ನೂ ನುಂಗುವ ಸ್ಥಿತಿಯಲ್ಲಿದ್ದಳು, ಅದೊಂದು ಪುಣ್ಯ. ಚಹಾಕ್ಕೆಂದು ಕಟ್ಟಿಕೊಂಡು ಹೋಗಿದ್ದ ಸಕ್ಕರೆಯನ್ನು ನೀರಿಗೆ ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿದೆ. ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಹೀಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಆಮೇಲೆ 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸಿನವರು ಬಂದವರೇ ಬೆರಳು ಚುಚ್ಚಿ ನೋಡಿದರು. ಅಷ್ಟು ಸಕ್ಕರೆ ನೀರು ಕುಡಿದ ಮೇಲೂ ಶುಗರ್ 42 ಇತ್ತು. 70ಕ್ಕಿಂತ ಕೆಳಗೆ ಇಳಿದರೇ ಕಡಿಮೆ ಅಂತ ಲೆಕ್ಕ. ಅಲ್ಲೇ ಗ್ಲೂಕೋಸ್ ಏರಿಸಿ ಗದಗಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಅವ್ವ ಕಣ್ಣು ಬಿಟ್ಟು 'ಎಲ್ಲಿಗೆ ಹೊಂಟೇವಿ?' ಅಂದಾಗಲೇ ನನಗೆ ಅಳು ಬಂದದ್ದು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆಂಬುಲೆನ್ಸ್ ಬರುವ ತನಕ ಅವ್ವನ ಕಾಲು ತಿಕ್ಕುತ್ತಾ ಅಳುತ್ತಿದ್ದಳು. ಪಿಯುಸಿ ಮುಗಿಸಿ ಎಲ್ಲೋ ಆರು ತಿಂಗಳ ಕೋರ್ಸ್ ಮಾಡಿದ್ದಾಳೆ. ತಿಂಗಳಿಗೆ ಏಳು ಸಾವಿರ ಸಂಬಳ. ನರ್ಸ್ ಅನ್ನಿಸಿಕೊಳ್ಳಬೇಕಾದರೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಬಿಳಿ ಕೋಟು ಹಾಕಿಸಿ ನಿಲ್ಲಿಸಿದರೆ ಸಾಕು, ನಾವು ಹಳ್ಳಿಯವರು ಎಲ್ಲರನ್ನೂ ಸಿಸ್ಟರ್ ಅಂತೀವಿ. ಯಾರು ಕೇಳ್ತಾರೆ?

ನಿಯಮ ಇಲ್ಲ ಅಂತಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ನಮ್ಮ ರಾಜ್ಯದಲ್ಲಿ 2007ರ ಕಾಯ್ದೆ ಇದೆ, ಕೆಪಿಎಂಇ ಅಂತಾರೆ. ಅದರಡಿ ನೋಂದಣಿ ಮಾಡಿಸದೆ ಆಸ್ಪತ್ರೆ ನಡೆಸುವಂತಿಲ್ಲ. ನೋಂದಣಿ ಬೇಕಾದರೆ ಅರ್ಹ ಸಿಬ್ಬಂದಿ ಇರಬೇಕು. ಎಷ್ಟು ರೋಗಿಗೆ ಎಷ್ಟು ನರ್ಸ್ ಅನ್ನುವ ಲೆಕ್ಕವೂ ಹೊಸದಲ್ಲ. ಕೇಂದ್ರ ಸರ್ಕಾರದ ಸಿಬ್ಬಂದಿ ಪರಿಶೀಲನಾ ಘಟಕ ಸರ್ಕಾರಿ ಆಸ್ಪತ್ರೆಗಳಿಗೆ ಅಂತ ಹಾಕಿದ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬರು, ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು. ರಜೆ ಹಾಕುವವರ ಬದಲಿಗೆ ನೂರಕ್ಕೆ ಮೂವತ್ತರಷ್ಟು ಹೆಚ್ಚುವರಿ ಜನ. ಇಲ್ಲಿ ಹದಿನಾಲ್ಕು ರೋಗಿಗೆ ಒಬ್ಬ ಹುಡುಗಿ. ಅವಳೂ ನರ್ಸ್ ಅಲ್ಲ.

ಹಳ್ಳಿ ಕಡೆ ನರ್ಸ್ ಸಿಗಲ್ಲ, ನಿಯಮ ಬಿಗಿ ಮಾಡಿದರೆ ಬಾಗಿಲು ಹಾಕಬೇಕಾಗುತ್ತದೆ ಅಂತಾರೆ ನಡೆಸುವವರು. ಅರ್ಧ ನಿಜ. ಓದಿದವರು ಹುಬ್ಬಳ್ಳಿಗೆ, ಬೆಂಗಳೂರಿಗೆ, ಗಲ್ಫ್‌ಗೆ ಹೋಗುತ್ತಾರೆ. ಆದರೆ ಏಳು ಸಾವಿರಕ್ಕೆ ಯಾರು ನಿಲ್ಲುತ್ತಾರೆ ಹೇಳಿ? 2016ರಲ್ಲೇ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ರಚಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂದಿತ್ತು. ಅಷ್ಟು ಕೊಡಲಾಗದಿದ್ದರೆ ಬೇಡ, ಹಗಲಷ್ಟೇ ನಡೆಸಲಿ. ಇನ್ಸುಲಿನ್ ಮೇಲಿರುವ ರೋಗಿಯನ್ನು ರಾತ್ರಿ ಇಟ್ಟುಕೊಳ್ಳಬಾರದು, ಅಷ್ಟೇ. ಬೋರ್ಡಿನ ಮೇಲೆ 24 ಗಂಟೆ ಅಂತ ಬರೆದು, ಬಿಲ್ಲಿನಲ್ಲಿ 'ನರ್ಸಿಂಗ್ ಚಾರ್ಜ್' ಅಂತ ದಿನಕ್ಕಿಷ್ಟು ಹಾಕುವುದು ಯಾವ ನ್ಯಾಯ?

ಅದಕ್ಕೇ ಹೇಳುತ್ತಿದ್ದೇನೆ. ಸೇರಿಸುವ ಮುಂಚೆ, ಅಡ್ವಾನ್ಸ್ ಕಟ್ಟುವ ಮುಂಚೆ ಕೇಳಿ: ರಾತ್ರಿ ಪಾಳಿಗೆ ಯಾವ ಡಾಕ್ಟರು? ಕಟ್ಟಡದಲ್ಲೇ ಮಲಗ್ತಾರಾ, ಫೋನ್ ಮಾಡಿದರೆ ಬರ್ತಾರಾ? ನರ್ಸ್ ಏನು ಓದಿದ್ದಾರೆ? ಮುಖ ಗಂಟು ಹಾಕಿದರೆ ಹಾಕಲಿ. ಕೆಪಿಎಂಇ ಸರ್ಟಿಫಿಕೇಟ್ ಗೋಡೆ ಮೇಲೆ ಕಾಣುವಂತೆ ಇರಬೇಕು, ಅದರ ಮೇಲೆ ಅವಧಿ ಮುಗಿಯುವ ತಾರೀಖು ನೋಡಿ. ನಾನು ನೋಡಿರಲಿಲ್ಲ. ಆಗುವುದಾದರೆ ಮೊದಲ ದಿನ ರಾತ್ರಿ ಹತ್ತಕ್ಕೆ ಸುಮ್ನೆ ಒಂದು ಸುತ್ತು ಹಾಕಿ, ಯಾರಿದ್ದಾರೆ ಎಣಿಸಿ. ಮನೆಯಲ್ಲಿ ಶುಗರ್ ನೋಡುವ ಮಷಿನ್, ಅಂದರೆ ಗ್ಲೂಕೋಮೀಟರ್ ಇದ್ದರೆ ಚೀಲದಲ್ಲಿ ಹಾಕಿಕೊಂಡೇ ಹೋಗಿ. ನಮ್ಮದು ಮನೆಯ ಅಲಮಾರಿನಲ್ಲಿತ್ತು!

ತೊಂದರೆಯಾದರೆ ದೂರು ಕೊಡಲು ಜಾಗ ಇದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ಆದರೆ ಬರಿಗೈಲಿ ಹೋಗಬೇಡಿ. ಮೊದಲು ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆಯ ನಕಲು ಕೇಳಿ, ಬಾಯಲ್ಲಲ್ಲ, ಬರೆದು ಕೊಟ್ಟು. ಕೇಳಿದ 72 ಗಂಟೆಯೊಳಗೆ ಡಾಕ್ಟರು ಕೊಡಲೇಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲಿದೆ. ನಮಗೂ ಮೊದಲು 'ಆಮೇಲೆ ಬರ್ರಿ' ಅಂದರು. ನನ್ನ ತಮ್ಮ ಆ ನಿಯಮ ಬರೆದ ಅರ್ಜಿ ಕೊಟ್ಟ ಮೇಲೆ ಎರಡನೇ ದಿನಕ್ಕೆ ಸಿಕ್ಕಿತು.

ಅದರಲ್ಲಿ ಆ ರಾತ್ರಿಯ ಪುಟ ತೆಗೆದು ನೋಡಿದೆ. ಎರಡು ಗಂಟೆಗೆ 'ರೋಗಿ ಆರಾಮ' ಅಂತ ಬರೆದಿದೆ. ಆ ಹೊತ್ತಿಗೆ ಅವ್ವ ಆಂಬುಲೆನ್ಸಿನಲ್ಲಿದ್ದಳು. ಕೆಳಗೆ ಒಬ್ಬ ಸ್ಟಾಫ್ ನರ್ಸ್ ಸಹಿ. ಅಂಥ ಹೆಸರಿನವರನ್ನು ಮೂರು ದಿನದಲ್ಲಿ ಒಮ್ಮೆಯೂ ನಾವು ನೋಡಿಲ್ಲ, ಆ ಹುಡುಗಿಯ ಹೆಸರಂತೂ ಅದಲ್ಲ. ಆ ಪುಟ, 108ರವರು ಕೊಟ್ಟ ಚೀಟಿ ಎರಡನ್ನೂ ದೂರಿನ ಜೊತೆ ಲಗತ್ತಿಸಿ ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಸೀಲು ಹಾಕಿಸಿಕೊಂಡೇ.