ತೋಟದಲ್ಲಿಟ್ಟ ಕಿವಿಎಸ್‌ಡಿಆರ್: ಮೂರು ವರ್ಷದ ಬಳಕೆಯ ನಂತರ

ಕಿವಿಎಸ್‌ಡಿಆರ್ ಎಂದರೆ ಇಂಟರ್ನೆಟ್‌ಗೆ ಜೋಡಿಸಿಟ್ಟು, ಎಲ್ಲಿಂದ ಬೇಕಾದರೂ ಬ್ರೌಸರಿನಲ್ಲಿ ಕೇಳಬಹುದಾದ ರೇಡಿಯೊ ರಿಸೀವರ್; ಸಿಗ್ನಲ್ಲುಗಳು ಪರದೆಯ ಮೇಲೆ ಗೆರೆಗಳಾಗಿಯೂ ಕಾಣುತ್ತವೆ. ಅದರ ಬ್ಯಾಂಡು, ಚಾನೆಲ್ಲುಗಳ ಲೆಕ್ಕ ಬಿಡುತ್ತೇನೆ. ನನಗೆ ಬರೆಯಬೇಕಿರುವುದು ಒಂದು ‘ಟಿಕ್’ ಸದ್ದಿನ ಬಗ್ಗೆ.

ನನ್ನ ಮನೆ ಹಾಸನ ಪೇಟೆಯಲ್ಲಿ. ಇಲ್ಲಿ ಶಾರ್ಟ್‌ವೇವ್ ಹಾಕಿದರೆ ಎಲ್‌ಇಡಿ ಬಲ್ಬು, ಚಾರ್ಜರು, ಪಕ್ಕದ ಮನೆಗಳ ಇನ್ವರ್ಟರು ಇವುಗಳ ಗುಂಯ್ ಬಿಟ್ಟು ಏನೂ ಕೇಳದು. ಅದಕ್ಕೇ ರಿಸೀವರನ್ನು ಹೆತ್ತೂರು ಕಡೆಯ ನಮ್ಮ ಕಾಫಿ ತೋಟದ ಮನೆಯಲ್ಲಿಟ್ಟೆ. ಎರಡು ಸಿಲ್ವರ್ ಮರಗಳ ನಡುವೆ ತಂತಿ ಎಳೆದು ಆಂಟೆನಾ ಮಾಡಿ, ಫೈಬರ್ ಇಂಟರ್ನೆಟ್‌ಗೆ ಜೋಡಿಸಿದೆ. ಸುಂಕವೂ ಸೇರಿ ಆ ವರ್ಷದ ಎರಡು ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯ ಹಣ ಹೋಯಿತು. ನನ್ನ ಮಟ್ಟಿಗೆ ಅದು ದೊಡ್ಡ ಮೊತ್ತ.

ಸಂಜೆ ಕೆಲಸ ಮುಗಿಸಿ ಬಂದು, ಕಾಫಿ ಲೋಟ ಹಿಡಿದು ಬ್ರೌಸರ್ ತೆರೆಯುತ್ತೇನೆ. ಮೊದಲು 10 ಮೆಗಾಹರ್ಟ್ಸ್. ಸಮಯ ಸಾರುವ ಚೀನಾದ ಬಿಪಿಎಂ ಕೇಂದ್ರ ಸೆಕೆಂಡು ಎಣಿಸುವುದು ಕೇಳಿದರೆ ದೂರದ ಅಲೆಗಳಿಗೆ ದಾರಿ ತೆರೆದಿದೆ ಎಂದು ಅರ್ಥ. ಆಮೇಲೆ ಮೀಡಿಯಂವೇವ್. ಹಗಲು ಅಲೆಗಳನ್ನು ನುಂಗುವ, ವಾತಾವರಣದ ಮೇಲ್ಭಾಗದ ಡಿ ಪದರ ಹೊತ್ತು ಮುಳುಗಿದ ಮೇಲೆ ಕರಗುತ್ತದೆ. ಆಗ ಖಾಲಿಯಿದ್ದ ಪರದೆಯ ಮೇಲೆ ದೂರದ ಕೇಂದ್ರಗಳ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಅಪ್ಪ ಟ್ರಾನ್ಸಿಸ್ಟರ್ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದುದನ್ನು ನಾನು ಕಣ್ಣಲ್ಲೇ ನೋಡುತ್ತೇನೆ. ಈ ಅರ್ಧ ಗಂಟೆಗೆ ಕೊಟ್ಟ ಹಣ ಸಾರ್ಥಕ.

ಆದರೆ ಮೊದಲ ವರ್ಷವಿಡೀ ಆ ಟಿಕ್ ನನ್ನನ್ನು ಗೋಳಾಡಿಸಿತು. ಸುಮಾರು ಸೆಕೆಂಡಿಗೊಂದು ಏಟು, 30 ಮೆಗಾಹರ್ಟ್ಸ್‌ವರೆಗೂ ಪರದೆಯ ಉದ್ದಕ್ಕೆ ಅಡ್ಡಗೆರೆ. ಬಿಪಿಎಂ ಎಣಿಕೆಗೆ ಹತ್ತಿರ ಹತ್ತಿರ ಬಂದು, ಮತ್ತೆ ಜಾರುತ್ತಿತ್ತು. ಅಡಾಪ್ಟರ್ ಬದಲಿಸಿ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ ಹಾಕಿದೆ. ಗುಂಯ್ ಹೋಯಿತು, ಟಿಕ್ ಉಳಿಯಿತು.

ಈ ರಿಸೀವರಿನ ದೊಡ್ಡ ಹೆಮ್ಮೆ, ಜಿಪಿಎಸ್ ಉಪಗ್ರಹಗಳಿಂದ ನಿಖರ ಹೊತ್ತು ಪಡೆಯುವ ಗಡಿಯಾರ. ರೇಡಿಯೊ ಅಲೆ ಒಂದು ಮಿಲಿಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ಸಾಗುತ್ತದೆ. ಬೇರೆ ಬೇರೆ ಊರಿನ ಮೂರು ರಿಸೀವರುಗಳಿಗೆ ಒಂದೇ ಸಿಗ್ನಲ್ ಎಷ್ಟು ಹೊತ್ತಿನ ಅಂತರದಲ್ಲಿ ತಲುಪಿತು ಎಂದು ನೋಡಿದರೆ ಅದರ ಮೂಲ ಅಂದಾಜಾಗುತ್ತದೆ. ನನ್ನ ಟಿಕ್ ಬೇರೆ ಯಾರಿಗೂ ಕೇಳದೆ ಇರುವಾಗ ಅದರಿಂದೇನು ಪ್ರಯೋಜನ? ಕೊನೆಗೆ ಅಪ್ಪನ ಅದೇ ಟ್ರಾನ್ಸಿಸ್ಟರ್ ಹಿಡಿದು ತೋಟದ ಅಂಚಿನಲ್ಲಿ ನಡೆದೆ. ಸದ್ದು ಜೋರಾದದ್ದು ಆನೆಗೆಂದು ಹಾಕಿದ, ಸೆಕೆಂಡಿಗೊಂದರಂತೆ ವಿದ್ಯುತ್ ಏಟು ಕೊಡುವ ಸೋಲಾರ್ ಬೇಲಿಯ ಹತ್ತಿರ. ಇನ್ಸುಲೇಟರ್ ಬಿರುಕು ಬಿಟ್ಟಲ್ಲಿ, ತಂತಿ ತುಕ್ಕು ಹಿಡಿದ ಗಂಟಿನಲ್ಲಿ ಕಿಡಿ ಹಾರುತ್ತಿತ್ತು. ಅವನ್ನು ಸರಿಮಾಡಿಸಿದ ಮೇಲೆ ಟಿಕ್ ತೆಳುವಾಯಿತು. ಪೂರ್ತಿ ಹೋಗಲಿಲ್ಲ, ಹೋಗುವುದೂ ಬೇಡ ಈಗ.

ಯಾಕೆಂದರೆ ಟಿಕ್ ಜೋರಾದರೆ ಬೇಲಿಗೆ ಬಳ್ಳಿ ತಾಗಿದೆ. ಮೊದಲ ಸಲ ನಾನು ಫೋನ್ ಮಾಡಿ ಹೇಳಿದಾಗ ತೋಟದ ಮನೆಯಲ್ಲಿರುವ ಚಿಕ್ಕಪ್ಪ, “ಹಾಸನದಲ್ಲಿ ಕೂತು ನಿಂಗೆ ಹೆಂಗೋ ಗೊತ್ತಾಯ್ತು?” ಅಂದರು. ಈಗ ಅವರೇ ಕೇಳುತ್ತಾರೆ, “ಬೇಲಿ ಹೆಂಗಿದೆ ನೋಡೋ.”

ಕೊಳ್ಳುವವರಿಗೆ ಎರಡು ಮಾತು. ಗುಡುಗಿನ ದಿನ ಆಂಟೆನಾ ಬಿಚ್ಚಿಡಲು ಮನೆಯಲ್ಲೊಬ್ಬರು ಇರಲೇಬೇಕು. ಆಂಟೆನಾ ತಂತಿಯನ್ನು ಬೇಲಿಯಿಂದ ಆದಷ್ಟು ದೂರ ಎಳೆಯಿರಿ.

ಹೋದ ಆಶ್ಲೇಷ ಮಳೆಯಲ್ಲಿ ಒಂದು ರಾತ್ರಿ ಟಿಕ್ ಇರಲೇ ಇಲ್ಲ. ವಾರದಿಂದ ಬಿಸಿಲು ಕಾಣದೆ ಬೇಲಿಯ ಬ್ಯಾಟರಿ ಇಳಿದುಹೋಗಿತ್ತು. ಚಿಕ್ಕಪ್ಪ ಟಾರ್ಚ್ ಹಿಡಿದು ಹೋಗಿ ಬೇರೆ ಬ್ಯಾಟರಿ ಜೋಡಿಸಿದರು. ಹತ್ತೂಕಾಲಿಗೆ ಪರದೆಯ ಮೇಲೆ ಅಡ್ಡಗೆರೆ ಮತ್ತೆ ಬಿತ್ತು.